ಇಲ್ಲಿ ನಕ್ಷೆ ಇದೆ

ಮನೆ, ಮಹಡಿಯ ಕೋಣೆ
ಗುರುವಾರ, ಹದಿನಾಲ್ಕನೆಯ ತಾರೀಖು, ಬೆಳಗಿನ ಹತ್ತು ಗಂಟೆ

ಪ್ರೀತಿಯ ಸೊಸೆಗೆ,

ಅತ್ತೆಯ ಆಶೀರ್ವಾದಗಳು. ಆಶೀರ್ವಾದದ ಬೆನ್ನಿಗೇ ಒಂದು ಆಕ್ಷೇಪಣೆಯನ್ನೂ ಸಲ್ಲಿಸುವುದಿದೆ. ಎರಡೂ ಒಂದೇ ಲಕೋಟೆಯಲ್ಲಿ ಬರುತ್ತಿವೆಯೆಂದು ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಗಂಟಿಕ್ಕು, ಆದರೆ ಕೊನೆಯವರೆಗೂ ಓದು.

ಮೊದಲು ಕ್ಷೇಮದ ವಿಚಾರ. ಬೆಸುಗೆ ಹಾಕುವಾಗ ಕಾದ ಕಡ್ಡಿ ತಾಗಿ ನಿನ್ನ ಎಡ ಹೆಬ್ಬೆರಳಿನ ಬುಡದಲ್ಲಿ ಆಗಿದ್ದ ಸುಟ್ಟಗಾಯ ಪೂರ್ತಿ ಒಣಗಿತೇ? ಚರ್ಮ ಬಿಗಿದುಕೊಂಡಿದ್ದರೆ ದಿನಕ್ಕೆ ಎರಡು ಸಲ ಎಣ್ಣೆ ಸವರಿ ಬೆರಳನ್ನು ಮಡಚಿ ಬಿಡಿಸುತ್ತಿರಬೇಕು. ಕೈಯಿಂದಲೇ ಬದುಕುವವರು ಕೈಯನ್ನು ಅಲಕ್ಷ್ಯ ಮಾಡಬಾರದು. ನೀನು ಹೊರಡುವ ಹಿಂದಿನ ದಿನ ಆ ಗಾಯಕ್ಕೆ ಪಟ್ಟಿ ಕಟ್ಟಿದವಳು ನಾನು. ನೀನು ಅಡುಗೆಮನೆಯ ಕಟ್ಟೆಯ ಮೇಲೆ ಕೈ ಚಾಚಿ ಕೂತಿದ್ದೆ, ಕಾಲು ಗಂಟೆಯಷ್ಟು ಹೊತ್ತು. ನಾಳೆ ಹೋಗುತ್ತಿದ್ದೇನೆ ಎಂಬ ಎರಡು ಪದ ಆ ಕಾಲು ಗಂಟೆಯಲ್ಲಿ ನಿನ್ನ ಬಾಯಿಂದ ಉದುರಲಿಲ್ಲ. ನನ್ನ ಮಂಡಿನೋವು ಇದ್ದಂತೆಯೇ ಇದೆ. ಮಹಡಿ ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ನಾನು ಹತ್ತುತ್ತಿದ್ದೇನೆ. ನಿನ್ನ ಗಂಡ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುತ್ತಾನೆ, ಉಳಿದ ಹೊತ್ತು ಗೋಡೆ ನೋಡುತ್ತಾನೆ. ನಿಮ್ಮಿಬ್ಬರ ನಡುವೆ ಏನು ನಡೆಯಿತೆಂದು ನಾನು ಅವನನ್ನು ಕೇಳಿಲ್ಲ, ನಿನ್ನನ್ನೂ ಕೇಳುವುದಿಲ್ಲ. ಹೆತ್ತ ಮಾತ್ರಕ್ಕೆ ಅವನದೇ ಸರಿ ಎನ್ನುವಷ್ಟು ಕಣ್ಣು ಕುರುಡಾಗಿಲ್ಲ. ಆದರೆ ನೀನು ಬಿಟ್ಟುಹೋದದ್ದು ಅವನನ್ನು. ನನಗೆ ಹೇಳದೆ ಹೋಗುವುದಕ್ಕೆ ನಾನೇನು ತಪ್ಪು ಮಾಡಿದ್ದೆ ಎಂಬುದು ನಾಲ್ಕು ತಿಂಗಳಾದರೂ ನನಗೆ ಹೊಳೆದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ರಿಮೋಟ್ ಗಾಡಿ ಕ್ಲಬ್ಬಿನ ಕಾರ್ಯದರ್ಶಿಗಳಾದ ಹಲ್ಲಿನ ಡಾಕ್ಟರು ಸೋಮವಾರ ನನಗೊಂದು ಪತ್ರ ಕಳಿಸಿದ್ದಾರೆ. ಅಕ್ಷರ ಅವರ ಔಷಧಿ ಚೀಟಿಯಂತೆಯೇ ಇದ್ದು, ಓದಲು ಅರ್ಧ ದಿನ ಹಿಡಿಯಿತು. ಸಾರಾಂಶ ಇಷ್ಟು. ರಿಮೋಟ್ ಗಾಡಿಗಳನ್ನು ಕಟ್ಟಿ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ನೀನು ಈಗ ಪರೀಕ್ಷಾರ್ಥವಾಗಿ ಕೆಲಸ ಮಾಡುತ್ತಿದ್ದೀಯೆ. ನಿನ್ನನ್ನು ಕಾಯಂ ಮಾಡಿಕೊಳ್ಳುವ ಮುನ್ನ ಅಲ್ಲಿನ ಮಾಲೀಕರು, ನಿನ್ನ ಕೈಕೆಲಸ ನಂಬಿಕೆಗೆ ಅರ್ಹವೆಂದು ಕ್ಲಬ್ಬಿನಿಂದ ಒಂದು ಪತ್ರ ಕೇಳಿದ್ದಾರೆ. ನಿನ್ನ ಮೇಲೆ ನಾನು ಹೊರಿಸಿದ ಆರೋಪ ಇತ್ಯರ್ಥವಾಗುವವರೆಗೆ ಕ್ಲಬ್ಬು ಆ ಪತ್ರವನ್ನು ಕೊಡುವಂತಿಲ್ಲ. ಬರುವ ಭಾನುವಾರ ಬೆಳಿಗ್ಗೆ ಪಂದ್ಯ ನಡೆಯುವ ಕಲ್ಲಿನ ಕ್ವಾರಿಯಲ್ಲಿ ಕಮಿಟಿ ಕೂಡುತ್ತದೆ, ಅಷ್ಟರೊಳಗೆ ನನ್ನ ಹೇಳಿಕೆ ಲಿಖಿತವಾಗಿ ಅವರ ಕೈಸೇರಬೇಕು. ಆರೋಪವೇನೆಂದು ನಿನಗೆ ಈಗಾಗಲೇ ಯಾರಾದರೂ ಮುಟ್ಟಿಸಿರುತ್ತಾರೆ, ಉಪ್ಪು ಖಾರ ಹಚ್ಚಿಯೇ ಮುಟ್ಟಿಸಿರುತ್ತಾರೆ. ಆದ್ದರಿಂದ ಆಡಿದ ಮಾತನ್ನು ಆಡಿದಂತೆಯೇ ಇಲ್ಲಿ ದಾಖಲಿಸುತ್ತೇನೆ: "ಅಳತೆ ಬರೆದವಳು ಅವಳು. ಬೇಕಂತಲೇ ತಪ್ಪು ಬರೆದಿಟ್ಟು ಹೋಗಿದ್ದಾಳೆ." ಕಳೆದ ಪಂದ್ಯದ ದಿನ ಕ್ವಾರಿಯಲ್ಲಿ, ಸುಮಾರು ಮೂವತ್ತು ಮಂದಿಯ ಎದುರು, ಎಲ್ಲರಿಗೂ ಕೇಳುವಂತೆ ಆಡಿದೆ.

ಈ ಮಾತು ನನ್ನ ಬಾಯಿಗೆ ಹೇಗೆ ಬಂತೆಂಬುದನ್ನು ನೀನು ತಿಳಿಯಬೇಕು. ಆರೋಪಕ್ಕೆ ಕಾರಣವಾದ ಸದರಿ ರಿಮೋಟ್ ಗಾಡಿಯನ್ನು ಮನೆಗೆ ತಂದವನು ನಿನ್ನ ಗಂಡ. ಒಂದು ತಿಂಗಳು ಆಡಿಸಿ ಅಟ್ಟಕ್ಕೆ ಎಸೆದವನೂ ಅವನೇ. ಮದುವೆಯಾಗಿ ಬಂದ ಮೊದಲ ವರ್ಷ ನೀನು ಅದನ್ನು ಕೆಳಗಿಳಿಸಿ, ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ಒಂದೊಂದೇ ಸ್ಕ್ರೂ ಬಿಚ್ಚತೊಡಗಿದಾಗ ನಾನು ಏನೆಂದೆನೆಂಬುದು ನಿನಗೆ ನೆನಪಿರಬಹುದು. "ಸೊಸೆ ಬಂದ್ಲು ಅಂದ್ಕೊಂಡ್ರೆ ಮೆಕ್ಯಾನಿಕ್ ಬಂದಿದ್ದಾಳೆ" ಎಂದಿದ್ದೆ. ನೀನು ತಲೆಯೆತ್ತದೆ, "ಅತ್ತೆ, ಆ ಸಣ್ಣ ಸ್ಪ್ಯಾನರ್ ಕೊಡಿ, ಆಮೇಲೆ ಬೈಯಿರಿ" ಎಂದೆ. ನಾನು ಕೊಟ್ಟೆ. ಅಲ್ಲಿಂದ ಶುರುವಾದದ್ದು. ಎರಡು ಗೇಣಿನ ಆ ಗಾಡಿ ಓಡುವ ಜಾತಿಯದಲ್ಲವೆಂದು, ಬಂಡೆಯ ಮೇಲೆ ಹಲ್ಲಿಯಂತೆ ತೆವಳಿ ಹತ್ತುವ ಜಾತಿಯದೆಂದು, ಅದರಲ್ಲಿ ಗೆಲ್ಲುವುದು ವೇಗದಿಂದಲ್ಲ, ತಾಳ್ಮೆಯಿಂದ ಎಂದು ತಿಳಿದ ದಿನ ನಾನೇ ಕೈಚಾಚಿ ರಿಮೋಟ್ ಕೇಳಿದೆ. ಮೂವತ್ತೊಂದು ವರ್ಷ ಕಚೇರಿಯ ನಕಲು ವಿಭಾಗದಲ್ಲಿ ಕೂತು ಪರರ ಅರ್ಜಿಗಳನ್ನು ಚಿತ್ತಿಲ್ಲದೆ ಬರೆದ ಬೆರಳುಗಳಿವು. ಕೂದಲೆಳೆಯಷ್ಟು ಒತ್ತು ಎಂದರೆ ಕೂದಲೆಳೆಯಷ್ಟೇ ಒತ್ತುತ್ತವೆ. ಕ್ಲಬ್ಬಿನವರು ನನಗೆ ಅರ್ಜಿ ಅಜ್ಜಿ ಎಂದು ಹೆಸರಿಟ್ಟರು. ನಿಧಾನವಾಗಿ ಹೋಗುತ್ತದೆ, ಯಾರಿಗೂ ದಾರಿ ಬಿಡುವುದಿಲ್ಲ ಎಂದು ನೀನು ಗಾಡಿಗೆ ಚಿಕ್ಕತ್ತೆ ಎಂದು ಹೆಸರಿಟ್ಟೆ. ಎರಡಕ್ಕೂ ನಾನು ಮುಖ ಊದಿಸಿಕೊಂಡೆ, ಎರಡೂ ನನಗೆ ಇಷ್ಟವಾಗಿದ್ದವು. ಜೋಡಿ ಪಂದ್ಯದಲ್ಲಿ ಕಟ್ಟುವವಳು ನೀನು, ಓಡಿಸುವವಳು ನಾನು; ಮೂರು ವರ್ಷ ಆ ಕ್ವಾರಿಯಲ್ಲಿ ನಮ್ಮನ್ನು ಮೀರಿಸಿದವರು ಯಾರೂ ಇರಲಿಲ್ಲ. ಮರದಂಗಡಿಯವರು ಮಾತ್ರ ಒಮ್ಮೆ ಮೀರಿಸಿದರು, ಅದೂ ಅರ್ಧ ಅಂಕದಿಂದ.

ನೀನು ಕಲಿಸಿದ್ದನ್ನೆಲ್ಲ ನಾನು ಮರೆತಿಲ್ಲ. ಚಕ್ರಗಳ ಆಕ್ಸಲ್ಲನ್ನು ಗಾಡಿಯ ಮೈಗೆ ಹಿಡಿದು ನಿಲ್ಲಿಸುವ ಕಂಬಿಗಳೇ ಲಿಂಕುಗಳು. ಹಿಂದೆ ನಾಲ್ಕು, ಮುಂದೆ ನಾಲ್ಕು. ಕೆಳಗಿನವು ಬಂಡೆಗೆ ಉಜ್ಜುತ್ತವೆಯಾದ್ದರಿಂದ ಅವು ಸ್ಟೀಲಿನವಾಗಿರಬೇಕು, ಭಾರವೂ ಕೆಳಗೇ ಇದ್ದಂತಾಗುತ್ತದೆ. ಮೇಲಿನವು ಹಗುರಾದ ಅಲ್ಯೂಮಿನಿಯಂ. ಗೇರ್‌ಬಾಕ್ಸಿನಿಂದ ಆಕ್ಸಲ್ಲಿಗೆ ತಿರುಗುವ ಶಕ್ತಿಯನ್ನು ಒಯ್ಯುವುದು ಡ್ರೈವ್‌ಶಾಫ್ಟು. ಅದು ಒಂದೇ ಕೋಲಲ್ಲ, ಒಂದರೊಳಗೊಂದು ಜಾರುವ ಎರಡು ತುಂಡು. ಚಕ್ರ ಕುಳಿಗೆ ಇಳಿದಾಗ ಉದ್ದವಾಗುತ್ತದೆ, ಬಂಡೆಯ ಮೇಲೆ ಏರಿದಾಗ ಗಿಡ್ಡವಾಗುತ್ತದೆ. ಶಾಫ್ಟ್ ಆರಿಸುವಾಗ ಗೇರ್‌ಬಾಕ್ಸಿಗಿಂತ ಒಂದು ಕೈ ಬಲ ಕಡಿಮೆಯದನ್ನೇ ಆರಿಸಬೇಕೆಂದು ನೀನು ಹೇಳುತ್ತಿದ್ದೆ. "ಮುರಿಯೋದಿದ್ರೆ ಹೊರಗಿರೋದು ಮುರೀಲಿ ಅತ್ತೆ, ಒಳಗಿನದು ಮುರಿದ್ರೆ ಇಡೀ ಗಾಡಿ ಬಿಚ್ಚಬೇಕು." ನಾನು ಗಟ್ಟಿ ಸ್ಟೀಲ್ ಶಾಫ್ಟೇ ಹಾಕು ಎಂದು ಹಟ ಹಿಡಿದಾಗ ಎರಡು ದಿನ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಮೂರನೆಯ ದಿನ ನೀನು ಸ್ಟೀಲಿನದನ್ನೇ ಹಾಕಿಕೊಟ್ಟೆ. ಮೊದಲ ಪಂದ್ಯದಲ್ಲಿಯೇ ಗೇರ್‌ಬಾಕ್ಸಿನ ಹಲ್ಲು ಉದುರಿತು. ನೀನು ಒಂದು ಮಾತೂ ಆಡದೆ ಗಾಡಿಯನ್ನು ಎತ್ತಿಕೊಂಡು ಬಂದೆ. ಅದು ಬೈದದ್ದಕ್ಕಿಂತ ಹೆಚ್ಚಾಯಿತು ನನಗೆ.

ನೀನು ಹೋದ ದಿನ ಬೆಳಿಗ್ಗೆ ನಾನು ಎದ್ದು ಬಂದಾಗ ಊಟದ ಮೇಜಿನ ಮೇಲೆ ಗಾಡಿ ಇತ್ತು, ಪಕ್ಕದಲ್ಲಿ ನಿನ್ನ ಅಳತೆಯ ನೋಟ್‌ಬುಕ್ಕು ಇತ್ತು. ನೀನು ಹಿಂದಿನ ಪಂದ್ಯದಲ್ಲಿ ಬಗ್ಗಿದ್ದ ಹಿಂಬದಿಯ ನಾಲ್ಕೂ ಲಿಂಕುಗಳನ್ನು ಬಿಚ್ಚಿ, ದಾರದಿಂದ ಕಟ್ಟಿ ಇಟ್ಟಿದ್ದೆ, ಹೊಸದನ್ನು ಮಾಡಿಸಿಕೊಳ್ಳಲಿ ಎಂದು. ಗಾಡಿಗಾಗಿ ಅರವತ್ತು ಪುಟ ಬರೆದಿಟ್ಟಿದ್ದೆ. ನನಗೊಂದು ಚೀಟಿ ಇರಲಿಲ್ಲ. ನಿನ್ನ ಕೋಣೆಯಲ್ಲಿ ಹುಡುಕಿದೆ, ಅಡುಗೆಮನೆಯ ಡಬ್ಬಿಗಳ ಹಿಂದೆ ಹುಡುಕಿದೆ, ಕೊನೆಗೆ ಆ ನೋಟ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ಕೊಡವಿ ನೋಡಿದೆ, ಮಧ್ಯೆ ಎಲ್ಲಾದರೂ ಸಿಕ್ಕಿಸಿಟ್ಟಿರಬಹುದೆಂದು. ನಿನಗೆ ಇದನ್ನು ತಿಳಿಸುವ ಇರಾದೆ ಇರಲಿಲ್ಲ, ಬರೆಯುತ್ತ ಬರೆಯುತ್ತ ಬಂದುಬಿಟ್ಟಿತು.

ನೋಟ್‌ಬುಕ್ಕು ಎಣ್ಣೆಯ ಕಲೆಗಳಿಂದ, ಹೊಡೆದುಹಾಕಿದ ಸಾಲುಗಳಿಂದ ತುಂಬಿತ್ತು. ಅಂಥ ಕಾಗದವನ್ನು, ಕಂಬಿ ಕತ್ತರಿಸಿಕೊಡುವ ಲೇತಿನವನ ಕೈಗೆ ಕೊಡುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಹೊಸ ಉದ್ದನೆಯ ಪುಸ್ತಕವೊಂದನ್ನು ತರಿಸಿ, ನೀಲಿ ಶಾಯಿಯಲ್ಲಿ, ಬದಿಗೆರೆ ಹಾಕಿ, ಮೂರು ದಿನ ಕೂತು ಶುದ್ಧಪ್ರತಿ ತೆಗೆದೆ. ಒಂದು ಅಂಕಿ ತಪ್ಪಲಿಲ್ಲ. ಒಂಬತ್ತನೆಯ ಪುಟದಲ್ಲಿ ನೀನು ಲಿಂಕಿನ ಚಿತ್ರ ಬರೆದಿದ್ದೆ. ನಮ್ಮ ನಕಲು ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಅರ್ಜಿಯಲ್ಲಿ ಜಮೀನಿನದೋ ಕಟ್ಟಡದ್ದೋ ನಕ್ಷೆ ಬಂದರೆ ಅದನ್ನು ನಕಲು ಮಾಡುವುದು ನಮ್ಮ ಕೆಲಸವಲ್ಲ, ನಕ್ಷೆಯವರ ಕೆಲಸ. ನಾವು ಆ ಜಾಗದಲ್ಲಿ "ಇಲ್ಲಿ ನಕ್ಷೆ ಇದೆ" ಎಂದು ಬರೆದು ಮುಂದಿನ ಸಾಲಿಗೆ ಹೋಗಬೇಕು. ಕೈ ಹಾಕಿದವರನ್ನು ಮೇಲಧಿಕಾರಿಗಳು, "ಚಿತ್ರ ಬಿಡಿಸೋಕೆ ಬಂದಿದ್ದೀಯಾ ಇಲ್ಲಿ?" ಎಂದು ಎಲ್ಲರೆದುರು ಗದರುತ್ತಿದ್ದರು. ಮೂವತ್ತೊಂದು ವರ್ಷದ ರೂಢಿ. ಒಂಬತ್ತನೆಯ ಪುಟಕ್ಕೆ ಬಂದಾಗ ನನ್ನ ಕೈ ತಾನಾಗಿಯೇ "ಇಲ್ಲಿ ನಕ್ಷೆ ಇದೆ" ಎಂದು ಬರೆದು, ಕೆಳಗಿನ ಸಾಲಿಗೆ ಇಳಿಯಿತು: ಹಿಂದಿನ ಲಿಂಕ್, ಕೆಳಗಿನದು, ನೂರ ಹದಿನೆಂಟು ಮಿಲಿಮೀಟರ್, ಮೇಲಿನದು, ನೂರ ನಾಲ್ಕು.

ಲೇತಿನವನ ಬಳಿಗೆ ಶುದ್ಧಪ್ರತಿಯನ್ನು ಮಾತ್ರ ಒಯ್ದೆ. "ಕಂಬಿ ಎಷ್ಟುದ್ದ ಬೇಕಮ್ಮ?" ಎಂದು ಕೇಳಿದ. ಓದಿ ಹೇಳಿದೆ. ಅವನು ಅಷ್ಟಕ್ಕೇ ಕತ್ತರಿಸಿ, ತುದಿಗಳಿಗೆ ಸ್ಕ್ರೂವಿನ ಮರೆ ಕೊರೆದು ಕೊಟ್ಟ. ಮನೆಗೆ ಬಂದು ಹಳೆಯ ಲಿಂಕುಗಳ ಎರಡೂ ತುದಿಯಲ್ಲಿ ಬೋಲ್ಟು ತೂರಿಸುವ ತೂತಿರುವ ಗುಂಡುಕಣ್ಣುಗಳನ್ನು ಬಿಚ್ಚಿ ಹೊಸ ಕಂಬಿಗಳಿಗೆ ತಿರುಗಿಸಿ ಕೂರಿಸಿದೆ. ನೋಡುವ ಕಣ್ಣಿದ್ದವರಿಗೆ ಅಲ್ಲಿಯೇ ಗೊತ್ತಾಗಬೇಕಿತ್ತು. ಕಣ್ಣುಗಳ ಉದ್ದವೂ ಸೇರಿ ಪ್ರತಿಯೊಂದು ಲಿಂಕು ಎರಡು ಬೆರಳಿನಷ್ಟು ಹೆಚ್ಚಾಯಿತು, ಹಿಂದಿನ ಚಕ್ರಗಳು ಗಾಡಿಯ ಮೈಯಿಂದ ಹಿಂದಕ್ಕೆ ಸರಿದು ನಿಂತವು. ಶಾಫ್ಟಿನ ಒಳತುಂಡು ಹೊರತುಂಡಿನೊಳಗೆ ಉಗುರಿನಷ್ಟು ಮಾತ್ರ ಕೂತಿತು. ನಾನು ಇದನ್ನು ಕಂಡೆ. ಕಂಡು, ಗಾಡಿ ಉದ್ದವಾದಷ್ಟೂ ಕಡಿದಾದ ಏರಿನಲ್ಲಿ ಹಿಂದಕ್ಕೆ ಮಗುಚುವುದಿಲ್ಲವೆಂದು ನೀನೇ ಹದಿನಾಲ್ಕನೆಯ ಪುಟದಲ್ಲಿ ಬರೆದದ್ದನ್ನು ನೆನೆದು, ಇದು ನಿನ್ನ ಹೊಸ ಯೋಜನೆಯಿರಬೇಕೆಂದು ತಿಳಿದೆ. ಆ ದಿನ ನಿನ್ನ ಗಂಡ ನೀರು ಕುಡಿಯಲು ಬಂದವನು ಮೇಜಿನ ಬಳಿ ನಿಂತು, "ಅಮ್ಮ, ಇದು ಸ್ವಲ್ಪ ಉದ್ದ ಆಯ್ತಲ್ವಾ?" ಎಂದ. ಒಂದು ತಿಂಗಳಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು. "ನಿನ್ನ ಹೆಂಡತಿ ಅಳತೆ ತಪ್ತಾಳೆ ಅಂತೀಯಾ? ಹೋಗು, ಹೋಗಿ ಗೋಡೆ ನೋಡ್ಕೊ" ಎಂದು ಅಟ್ಟಿದೆ. ನಿನ್ನ ಪರವಾಗಿ ನಾನು ಹೀಗೆಲ್ಲ ವಾದಿಸಿದ್ದೇನೆ, ಅದೂ ದಾಖಲೆಯಲ್ಲಿರಲಿ.

ಪಂದ್ಯದ ದಿನ ನಾನು ಒಬ್ಬಳೇ ಹೋದೆ. ಜೋಡಿಯಿಲ್ಲದವರನ್ನು ಒಂಟಿ ಪಂದ್ಯಕ್ಕೆ ಸೇರಿಸುತ್ತಾರೆ. ನಿನ್ನ ಹಾಗೆ ಮುಂದೆ ನಡೆದು, "ಎಡಕ್ಕೆ ಅತ್ತೆ, ಇನ್ನೂ ಎಡಕ್ಕೆ, ಉಸಿರು ಬಿಡಿ ಈಗ" ಎನ್ನುವವರು ಯಾರೂ ಇರಲಿಲ್ಲ. ಬಂಡೆದಾರಿಗೆ ಗುರುತು ನೆಟ್ಟ ಗೇಟುಗಳಲ್ಲಿ ಎರಡನ್ನು ದಾಟಿದೆ. ಮೂರನೆಯದರಲ್ಲಿ, ನೆತ್ತಿ ಸೀಳಿದ ಆ ದೊಡ್ಡ ಬಂಡೆಯ ಮೇಲೆ, ಹಿಂದಿನ ಬಲಚಕ್ರ ಬಿರುಕಿಗೆ ಇಳಿದದ್ದೇ ತಡ, ಶಾಫ್ಟು ಒರೆಯಿಂದ ಹಿರಿದಂತೆ ಕಳಚಿ ಬಿತ್ತು. ಹಿಂದಿನ ಚಕ್ರಗಳು ಸತ್ತವು; ಮುಂದಿನವೆರಡೇ ಎಳೆಯಲಾರದೆ ಜಾರಿದವು. ಗಾಡಿ ಪಲ್ಟಿ ಹೊಡೆಯುತ್ತ, ಬಂಡೆಯಿಂದ ಬಂಡೆಗೆ ಬಡಿಯುತ್ತ, ಜನರ ಕಾಲಬುಡಕ್ಕೆ ಬಂದು ಅಂಗಾತ ಬಿತ್ತು. ಮರದಂಗಡಿಯವರು ಅದನ್ನು ಎತ್ತಿ, ಜೋತಾಡುತ್ತಿದ್ದ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು, "ಏನಜ್ಜಿ, ಸೊಸೆ ಮನೆ ಬಿಟ್ಟಳು ಅಂತ ಚಿಕ್ಕತ್ತೆ ಬೆಟ್ಟದಿಂದ ಹಾರಿಬಿಟ್ಟಳಾ?" ಎಂದರು. ಎಲ್ಲರೂ ನಕ್ಕರು. ಯಾರೋ ಹಿಂದಿನಿಂದ, "ಅಜ್ಜಿ ಬರೀ ಮಕ್ಕಿಕಾಮಕ್ಕಿ, ತಲೆ ಎಲ್ಲ ಸೊಸೇದೇ" ಎಂದರು. ಆಗ ನಾನು ಆ ಮಾತನ್ನು ಆಡಿದೆ. ನಗು ನಿಂತಿತು. ಅಷ್ಟು ಬೇಗ ನಿಂತಿತೆಂಬ ಸಮಾಧಾನವೂ ಒಂದು ಕ್ಷಣ ನನಗಾಯಿತು. ನಿನ್ನಿಂದ ಗಾಡಿ ಕಟ್ಟಿಸಿಕೊಂಡಿದ್ದ ಇಬ್ಬರು ಅಲ್ಲಿಯೇ ಮಂಡಿಯೂರಿ ತಮ್ಮ ಗಾಡಿಗಳ ಲಿಂಕುಗಳನ್ನು ಅಳೆಯತೊಡಗಿದರು.

ಅದಾದ ಎರಡನೆಯ ದಿನ, ಮಂಗಳವಾರ, ಹೇಳಿದ ಅಳತೆಗೇ ಕತ್ತರಿಸಿದ್ದೇನೆಂದು ಲೇತಿನವನಿಂದ ಬರೆಸಿಕೊಂಡು ಬರಲು ಹೋದೆ, ನಾಳೆ ಯಾರಾದರೂ ಕೇಳಿದರೆ ಇರಲಿ ಎಂದು. ಅವನು ನನ್ನ ಚೀಲದಿಂದ ನಿನ್ನ ಹಳೆಯ ಕಂಬಿಯೊಂದನ್ನು ತೆಗೆದು, ಮರದ ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿ, ಜೊತೆಗಿದ್ದ ಹೊಸ ಲಿಂಕಿನಿಂದ ಎರಡು ಕಣ್ಣುಗಳನ್ನು ಬಿಚ್ಚಿ ಅದಕ್ಕೆ ಮತ್ತೆ ತಿರುಗಿಸಿ, ಸ್ಕೇಲಿನ ಮೇಲಿಟ್ಟ. "ಅಮ್ಮಾ, ಇದು ತೂತಿನ ನಡುವಿಂದ ತೂತಿನ ನಡುವಿಗೆ ನೂರ ಹದಿನೆಂಟು. ನೀವು ನನಗೆ ಕಂಬಿನೇ ನೂರ ಹದಿನೆಂಟು ಅಂದ್ರಲ್ಲ! ಬರೆದವರು ಸರಿಯಾಗೇ ಬರೆದಿದ್ದಾರೆ. ನಕ್ಷೆ ಗಿಕ್ಷೆ ಏನೂ ಇರ್ಲಿಲ್ವಾ?" ಎಂದು ಕೇಳಿದ. ಇರಲಿಲ್ಲ ಎಂದೆ. ಮನೆಗೆ ಬಂದು ನಿನ್ನ ನೋಟ್‌ಬುಕ್ಕಿನ ಒಂಬತ್ತನೆಯ ಪುಟ ತೆರೆದೆ. ತೂತಿನಿಂದ ತೂತಿಗೆ ಬಾಣದ ಗುರುತು ಹಾಕಿದ್ದೀಯೆ. ಒಂದಲ್ಲ, ಪೆನ್ಸಿಲಿನಿಂದ ಒಮ್ಮೆ, ಅದರ ಮೇಲೆಯೇ ಪೆನ್ನಿನಿಂದ ಇನ್ನೊಮ್ಮೆ.

ಆ ಮಂಗಳವಾರದಿಂದ ಈ ಗುರುವಾರಕ್ಕೆ ಹದಿನಾರು ದಿನ. ಯಾರಿಗೂ ಹೇಳಿಲ್ಲ. ಮೊದಲ ದಿನವೇ ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಎರಡನೆಯ ದಿನ ಎರಡು ಮಾತು ಬೇಕಾಯಿತು, ಏಕೆ ನಿನ್ನೆ ಹೇಳಲಿಲ್ಲ ಎಂಬುದಕ್ಕೂ ಸೇರಿ. ಈಗ ಹದಿನಾರು ದಿನದ ಸಮಜಾಯಿಷಿ ಕೊಡಬೇಕಾಗಿದೆ. ಆದರೂ ನನ್ನ ಆಕ್ಷೇಪಣೆ ನಿಂತೇ ಇದೆ. ನಾನು ಅಕ್ಷರ ಓದುವವಳು, ಗೆರೆ ಓದುವವಳಲ್ಲ ಎಂಬುದು ನಿನಗೆ ತಿಳಿಯದ ಸಂಗತಿಯೇ? ಆ ಬಾಣದ ಪಕ್ಕ "ತೂತಿನಿಂದ ತೂತಿಗೆ" ಎಂದು ಬರೆದಿದ್ದರೆ ನಿನ್ನ ಪೆನ್ನು ಸವೆದುಹೋಗುತ್ತಿತ್ತೇ? ಅದೂ ಬೇಡ, ಪಟ್ಟಿ ಕಟ್ಟಿಸಿಕೊಳ್ಳುತ್ತ ಕೂತಿದ್ದ ಆ ಕಾಲು ಗಂಟೆಯಲ್ಲಿ, "ಅತ್ತೆ, ಲಿಂಕ್ ಮಾಡಿಸುವಾಗ ಹೀಗೆ ಅಳೆಯಿರಿ" ಎಂದು ಹೇಳಿದ್ದರೆ, ಹೋಗುವ ವಿಷಯ ಹೇಳದಿದ್ದರೂ, ನನಗೆ ಅಷ್ಟೇ ಸಾಕಾಗಿತ್ತು. ನೀನು ನನ್ನನ್ನು ಒಂದು ಗಾಡಿಯ ಜೊತೆ, ಒಂದು ಪುಸ್ತಕದ ಜೊತೆ ಮೇಜಿನ ಮೇಲೆ ಬಿಟ್ಟುಹೋದೆ. ಬಿಟ್ಟುಹೋದವರ ಮೇಲೆ ಬಿಟ್ಟುಹೋಗಿಸಿಕೊಂಡವರು ನಾಲ್ಕು ಮಾತಾಡುತ್ತಾರೆ. ಅದರಲ್ಲಿ ಒಂದು ಸುಳ್ಳಾಗಿದ್ದರೆ ಉಳಿದ ಮೂರು ಸುಳ್ಳಾಗುವುದಿಲ್ಲ.

ಆದಕಾರಣ ನನ್ನ ಸಲಹೆ ಇಂತಿದೆ. ಈ ಪತ್ರದೊಂದಿಗೆ ಹೇಳಿಕೆಯ ಕರಡನ್ನು ಲಗತ್ತಿಸಿದ್ದೇನೆ. "ಹಿಂದಿನ ಲಿಂಕುಗಳ ಅಳತೆಯ ವಿಷಯದಲ್ಲಿ ಉಭಯ ಪಕ್ಷಗಳ ನಡುವೆ ಗೊಂದಲ ಉಂಟಾಗಿದ್ದು, ಸದರಿ ಗೊಂದಲವು ಉದ್ದೇಶಪೂರ್ವಕವಲ್ಲವೆಂದು ಕಂಡುಬಂದಿರುತ್ತದೆ" ಎಂದು ಬರೆದಿದ್ದೇನೆ. ಓದಿದವರಿಗೆ ತಪ್ಪು ಯಾರದೆಂದು ತಿಳಿಯುವುದಿಲ್ಲ. ಇಂಥ ವಾಕ್ಯಗಳನ್ನು ನಾನು ನನ್ನ ಸೇವಾವಧಿಯಲ್ಲಿ ಸಾವಿರಗಟ್ಟಲೆ ನಕಲು ಮಾಡಿದ್ದೇನೆ, ಅವುಗಳಿಂದ ಯಾರ ತಲೆಯೂ ಹೋದದ್ದಿಲ್ಲ. ನೀನೂ ಕೆಳಗೆ ರುಜು ಹಾಕಿ ತುರ್ತು ಅಂಚೆಯಲ್ಲಿ ಕಳಿಸಿದರೆ ಶನಿವಾರ ನನ್ನ ಕೈಸೇರುತ್ತದೆ. ನಿನಗೆ ನಿನ್ನ ಕೆಲಸ ಕಾಯಂ ಆಗುತ್ತದೆ, ನನಗೆ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೂವತ್ತು ಜನರ ಎದುರು ತಲೆ ತಗ್ಗಿಸುವುದು ತಪ್ಪುತ್ತದೆ. ಇದರಲ್ಲಿ ನಿನಗೆ ನಷ್ಟವೇನೂ ಇಲ್ಲವೆಂದು ನಾನು ಭಾವಿಸುತ್ತೇನೆ.

ಅಲ್ಲಿ ಚಳಿ ಹೆಚ್ಚೆಂದು ಕೇಳಿದ್ದೇನೆ. ಕೆಲಸದ ಬೆಂಚಿನ ಮುಂದೆ ನಿಲ್ಲುವಾಗ ಕಾಲಡಿ ಏನಾದರೂ ಹಾಸಿಕೊ. ಹೊತ್ತು ಮೀರಿ ಉಣ್ಣಬೇಡ. ಕೈ ಚೆನ್ನಾಗಿರಲಿ, ಕಣ್ಣು ಚೆನ್ನಾಗಿರಲಿ, ಬಿಗಿದ ಸ್ಕ್ರೂ ಯಾವುದೂ ಸಡಿಲವಾಗದಿರಲಿ ಎಂದು ಹಾರೈಸುವ,

ನಿನ್ನ ಅತ್ತೆ

ತಾ.ಕ. — ಭಾನುವಾರ, ಮಧ್ಯಾಹ್ನ. ಅವಸರದಲ್ಲಿದ್ದೇನೆ, ಲಕೋಟೆಯನ್ನು ಅಂಚೆ ಡಬ್ಬಿಗೆ ಹಾಕಿ ಬರಲು ನಿನ್ನ ಗಂಡ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾನೆ. ಈ ಪತ್ರವನ್ನು ಗುರುವಾರ ಅಂಚೆಗೆ ಹಾಕಲಿಲ್ಲ. ಕರಡನ್ನು ಲಗತ್ತಿಸಲು ಹೋದಾಗ ಮೊದಲು ಅದರ ಶುದ್ಧಪ್ರತಿ ಮಾಡೋಣವೆಂದು ಕೂತೆ. "ಉಭಯ ಪಕ್ಷಗಳ" ಎಂಬಲ್ಲಿಗೆ ಬಂದಾಗ ಕೈ ಮುಂದೆ ಹೋಗಲಿಲ್ಲ. ಇಷ್ಟು ವರ್ಷದಲ್ಲಿ ಹೀಗೆಂದೂ ಆಗಿರಲಿಲ್ಲ. ಬೇರೆ ಹೇಳಿಕೆ ಬರೆದು ಇಂದು ಬೆಳಿಗ್ಗೆ ಕ್ವಾರಿಯಲ್ಲಿ ನಾನೇ ನಿಂತು ಓದಿದೆ. ಮೂರೇ ಸಾಲು. ಅಳತೆ ಸರಿಯಾಗಿತ್ತು. ನಕ್ಷೆಯನ್ನು ಬಿಟ್ಟು ನಕಲು ಮಾಡಿ ತಪ್ಪಾಗಿ ಕತ್ತರಿಸಿ ತಂದವಳು ನಾನು. ಹದಿನಾರು ದಿನ ಗೊತ್ತಿದ್ದೂ ಮುಚ್ಚಿಟ್ಟೆ. ಇಂದಿಗೆ ಹತ್ತೊಂಬತ್ತು ಎಂದು ತಿದ್ದಿ ಓದಿದೆ. ಹಲ್ಲಿನ ಡಾಕ್ಟರು, "ಇಷ್ಟೆಲ್ಲ ಬೇಡ ಅಜ್ಜಿ, ಏನೋ ಗೊಂದಲ ಆಯ್ತು ಅಂತ ಹಾಕೋಣ ಬಿಡಿ" ಎಂದರು. ಅವರಿಗೂ ಆ ಪದವೇ ಹೊಳೆಯಿತು ನೋಡು. ಬೇಡವೆಂದೆ. ಮರದಂಗಡಿಯವರು ಏನಾದರೂ ಅನ್ನುತ್ತಾರೆಂದು ಕಾದೆ, ಅವರು ನೆಲ ನೋಡುತ್ತ ನಿಂತಿದ್ದರು, ಅಂದಿದ್ದರೇ ವಾಸಿಯಿತ್ತು. ಸುಳ್ಳು ಆರೋಪ ಹೊರಿಸಿದ್ದಕ್ಕೆ ಈ ವರ್ಷದ ಉಳಿದ ಪಂದ್ಯಗಳಲ್ಲಿ ನಾನು ರಿಮೋಟ್ ಹಿಡಿಯುವಂತಿಲ್ಲವೆಂದು ತೀರ್ಮಾನವಾಗಿದೆ. ಮುಂದಿನ ವರ್ಷದ ಮಾತು ನನ್ನ ಮಂಡಿಯನ್ನು ಕೇಳಬೇಕು. ನಿನ್ನ ವರ್ಕ್‌ಶಾಪಿಗೆ ಹೋಗಬೇಕಾದ ಪತ್ರವನ್ನು ಡಾಕ್ಟರು ಅಲ್ಲಿಯೇ ಬರೆದರು. ಯಾರಿಗೂ ಓದಲು ಬರುವಂತಿರಲಿಲ್ಲ, ಆದ್ದರಿಂದ ನಾನೇ ಶುದ್ಧಪ್ರತಿ ಮಾಡಿಕೊಟ್ಟೆ, ಅವರು ರುಜು ಹಾಕಿದರು. ಅದು ಬೇರೆ ಲಕೋಟೆಯಲ್ಲಿ ನೇರವಾಗಿ ಮಾಲೀಕರಿಗೇ ಹೋಗುತ್ತಿದೆ. ಮೇಲಿನ ಪತ್ರವನ್ನು ಹರಿಯದೆ ಇದ್ದ ಹಾಗೆಯೇ ಕಳಿಸುತ್ತಿದ್ದೇನೆ, ಏಕೆಂದರೆ ನೀನು ಹೇಳದೆ ಹೋದದ್ದು ಇವತ್ತಿಗೂ ನನಗೆ ಸರಿಯೆನಿಸಿಲ್ಲ. ಮರಳಿ ಬಾ ಎಂದು ಇದರಲ್ಲಿ ಎಲ್ಲಿಯೂ ಬರೆದಿಲ್ಲ, ಬರೆದಂತೆ ಓದಿಕೊಳ್ಳಬೇಡ. ಕಾಯಂ ಆದ ಮೇಲೆ ನಿನ್ನ ಬೆಂಚಿಗೆ ಬರುವ ಮೊದಲ ಗಾಡಿ ಯಾವುದು, ಅದಕ್ಕೆ ಎಂಥ ಶಾಫ್ಟು ಆರಿಸಿದೆ ಎಂದು ಒಂದು ಸಾಲು ಬರೆ. ನನ್ನ ಹೆಸರಿಗೆ ಬರೆ. ಬರೆಯದಿದ್ದರೆ ಏಕೆಂದು ನಾನು ಕೇಳುವುದಿಲ್ಲ.